ಗಾಳಿಯ ಭಾರ, ನಲ್ಲಿಯ ನೀರು

‘ಮೋಟರ್ ಓಡ್ತಿದೆ, ನೀರು ಹತ್ತುತ್ತಿಲ್ಲ, ಏರ್ ಹಿಡಿದಿರಬೇಕು.’ ಬಂಗಾರಪೇಟೆಯಲ್ಲಾಗಲಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಸಂಪು ಇರುವ ಮನೆಯವರಿಗೆ ಈ ಮಾತು ಹೊಸದಲ್ಲ. ಪ್ಲಂಬರ್ ಬಂದು ಪಂಪಿನ ಬಾಯಿಗೆ ಒಂದು ಚೊಂಬು ನೀರು ಹುಯ್ದು, ಮುಚ್ಚಳ ಬಿಗಿದು, ಸ್ವಿಚ್ ಒತ್ತಿದರೆ ನೀರು ಏರುತ್ತದೆ. ಪಂಪು ನೀರನ್ನು ಎಳೆದುಕೊಂಡಿತು ಎಂದು ನಾವು ತಿಳಿಯುತ್ತೇವೆ. ಅದು ಎಳೆಯುವುದಿಲ್ಲ. ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೆ. ಸಂಪಿನ ನೀರಿನ ಮೇಲೆ ಭಾರ ಹಾಕಿ ಕೂತಿರುವ ಹೊರಗಿನ ಗಾಳಿಯೇ ನೀರನ್ನು ಕೊಳವೆಯೊಳಕ್ಕೆ ನೂಕುತ್ತದೆ. ಪಂಪಿನೊಳಗೆ ನೀರಿನ ಬದಲು ಗಾಳಿ ತುಂಬಿದ್ದರೆ ಅದರ ಚಕ್ರ ಎಷ್ಟು ತಿರುಗಿದರೂ ಒತ್ತಡ ತಗ್ಗದು. ಚೊಂಬು ನೀರಿನ ಕೆಲಸ ಆ ಗಾಳಿಯನ್ನು ಹೊರದೂಡುವುದು.

ಹೊರಗಿನ ಗಾಳಿಯ ಬಲಕ್ಕೂ ಮಿತಿಯಿದೆ. ಸಮುದ್ರಮಟ್ಟದಲ್ಲಿ ಅದು ಸುಮಾರು 10.3 ಮೀಟರ್ ಎತ್ತರದ ನೀರನ್ನು ಹೊತ್ತು ನಿಲ್ಲಿಸಬಲ್ಲದು. ಬಂಗಾರಪೇಟೆ, ಕೆಜಿಎಫ್ ಇರುವುದು ಸುಮಾರು 850 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಲೆಕ್ಕದ ಮಿತಿ 9.3 ಮೀಟರ್ ಆಸುಪಾಸು. ಕೊಳವೆಯ ತಿಕ್ಕಾಟ, ವಾಲ್ವಿನ ಸೋರಿಕೆಗಳನ್ನು ಕಳೆದರೆ ಆರೇಳು ಮೀಟರ್ ಉಳಿದರೆ ಹೆಚ್ಚು. ಸಾವಿರ ಅಡಿ ದಾಟುವ ಕೋಲಾರ ಜಿಲ್ಲೆಯ ಬೋರ್‌ವೆಲ್‌ಗಳಿಗೆ ಪಂಪನ್ನೇ ತಳಕ್ಕಿಳಿಸಿ, ಕೆಳಗಿನಿಂದ ಮೇಲಕ್ಕೆ ನೂಕಿಸುವುದು ಇದೇ ಕಾರಣಕ್ಕೆ.

ಈ ಮಿತಿ ಮೊದಲು ಕಾಡಿದ್ದು ಬಾವಿ ತೋಡುವವರನ್ನು, ಗಣಿ ಅಗೆಯುವವರನ್ನು. ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ, ಆದರೆ ಅವನು ಕೊಟ್ಟ ವಿವರಣೆ ಸರಿಯಿರಲಿಲ್ಲ. ಅವನ ಶಿಷ್ಯ ಟೊರಿಚೆಲ್ಲಿಯ ಪಾದರಸದ ಕೊಳವೆ ಗಾಳಿಗೆ ಭಾರವಿದೆ ಎಂದು ತೋರಿಸಿತು. 1880ರ ಬಳಿಕ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕಾಲದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕೆಜಿಎಫ್‌ಗೆ ಬಂದ ಗಣಿಗಾರರಿಗೆ ಇದು ಪುಸ್ತಕದ ವಿದ್ಯೆಯಾಗಿರಲಿಲ್ಲ. ಅವರ ಊರಿನ ಗಣಿಗಳಲ್ಲಿ ನೀರೆತ್ತುವ ಯಂತ್ರ ಮೇಲಿದ್ದರೂ ಪಂಪು ಕೆಳಗೇ ಇರುತ್ತಿತ್ತು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರ್‌ಗೂ ಆಳಕ್ಕೆ ಇಳಿಯಿತು. ಅಲ್ಲಿ ತಲೆಯ ಮೇಲೆ ಗಾಳಿಯ ಕಂಬವೂ ಉದ್ದ. ಒತ್ತಡ ನೆಲದ ಮೇಲಿನದಕ್ಕಿಂತ ಸುಮಾರು ಶೇ. 40ರಷ್ಟು ಹೆಚ್ಚು. ನಮ್ಮ ಸಂಪಿನ ಪಂಪನ್ನು ಅಲ್ಲಿಟ್ಟಿದ್ದರೆ ಲೆಕ್ಕದ ಮಿತಿ 12 ಮೀಟರ್ ದಾಟುತ್ತಿತ್ತು. 2001ರಲ್ಲಿ ಗಣಿ ಮುಚ್ಚಿದ್ದರಿಂದ ಆ ಪರೀಕ್ಷೆ ಇನ್ನು ಯಾರಿಗೂ ಸಾಧ್ಯವಿಲ್ಲ!

ಹಾಗಾದರೆ ಮೋಡ ಕವಿದು ಗಾಳಿಯ ಒತ್ತಡ ಇಳಿದ ದಿನ ನಲ್ಲಿಯಲ್ಲಿ ನೀರು ನಿಧಾನವಾಗಬೇಕಲ್ಲವೆ? ಇಲ್ಲ. ಮಾಳಿಗೆಯ ಟ್ಯಾಂಕಿನ ನೀರಿನ ಮೇಲೂ ನಲ್ಲಿಯ ಬಾಯಿಯಲ್ಲೂ ಒತ್ತುವುದು ಅದೇ ಗಾಳಿ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ಟ್ಯಾಂಕಿನ ಎತ್ತರ ಮಾತ್ರ. ಟ್ಯಾಂಕಿನ ಮುಚ್ಚಳವನ್ನು ಗಾಳಿಯಾಡದಂತೆ ಬಿಗಿದರೆ ಮಾತ್ರ ಕತೆ ಬೇರೆ: ನೀರು ಇಳಿದಂತೆ ಒಳಗೆ ಒತ್ತಡ ಕುಸಿದು ಹರಿವು ಸೊರಗುತ್ತದೆ. ಮುಚ್ಚಳದ ಬಳಿಯ ಸಣ್ಣ ಕಿಂಡಿಯನ್ನು ಸೊಳ್ಳೆ ಪರದೆಯಿಂದ ಮುಚ್ಚಿ, ಸಿಮೆಂಟಿನಿಂದಲ್ಲ.

ಬೀಸುಗಾಳಿ ಆಟವಾಡುವುದು ನೀರು ಬರುವ ಕಡೆಗಿಂತ ಹೋಗುವ ಕಡೆ. ಆಷಾಢದ ಗಾಳಿಗೆ ಕೆಜಿಎಫ್‌ನ ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳ ದೂಳು ಮನೆಗಳಿಗೆ ನುಗ್ಗುವ ದಿನಗಳಲ್ಲಿ ಕಮೋಡಿನ ನೀರನ್ನು ಗಮನಿಸಿ, ಮೆಲ್ಲಗೆ ಹೊಯ್ದಾಡುತ್ತಿರುತ್ತದೆ. ಮಾಳಿಗೆಯ ವೆಂಟ್ ಪೈಪಿನ ಬಾಯಿಯನ್ನು ಸವರಿ ಹೋಗುವ ಗಾಳಿ ಕೊಳವೆಯೊಳಗಿನ ಒತ್ತಡವನ್ನು ಏರಿಳಿಸುವುದರ ಫಲ ಅದು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಉಂಟುಮಾಡುವ ಒತ್ತಡ ಕೇವಲ ಐದಾರು ಮಿಲಿಮೀಟರ್ ನೀರಿನಷ್ಟು. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ, ಅಂದರೆ 22 ಮಿಲಿಮೀಟರ್. ಚರಂಡಿ ವಾಸನೆಯನ್ನು ತಡೆಯುವ ಟ್ರ್ಯಾಪಿನಲ್ಲಿ 50 ಮಿಲಿಮೀಟರ್ ನೀರು ನಿಂತಿದ್ದರೆ ಚಿಂತೆಯಿಲ್ಲ.

ನಿಂತಿರುವುದಿಲ್ಲ ಎಂಬುದೇ ತೊಂದರೆ. ಈ ಒಣ ಸೀಮೆಯ ಬೇಸಿಗೆಯಲ್ಲಿ, ಬಳಸದ ಬಚ್ಚಲಿನ ನಹಾನಿ ಟ್ರ್ಯಾಪು ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ. ಕೆಲಸಕ್ಕೆಂದು ಬೆಂಗಳೂರಿಗೆ ಹೋದವರು ತಿಂಗಳುಗಟ್ಟಲೆ ಬೀಗ ಹಾಕಿದ ಮನೆ ತೆರೆದಾಗ ಮೂಗು ಮುಚ್ಚಿಕೊಳ್ಳುವುದು ಇದರಿಂದಲೇ. ಹೊರಡುವ ಮುನ್ನ ಪ್ರತಿ ಟ್ರ್ಯಾಪಿಗೂ ನೀರು ಸುರಿದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿದರೆ ನೀರು ಬೇಗ ಆವಿಯಾಗದು.

ಇವೆಲ್ಲ ಮನೆಯೊಳಗಿನ ಕಿರಿಕಿರಿ. ನಿಜವಾದ ಅಪಾಯ ಬೀದಿಯ ಕೊಳವೆಯಲ್ಲಿದೆ. ಕೆಜಿಎಫ್‌ಗೆ ಬೇತಮಂಗಲದ ಪಾಲಾರ್ ನೀರು ಕೊಳವೆಯಲ್ಲಿ ಬರತೊಡಗಿ ಶತಮಾನ ಕಳೆದಿದೆ. ಬಂಗಾರಪೇಟೆಗಾಗಿ ಯರಗೋಳದಲ್ಲಿ ಅಣೆಕಟ್ಟು ಎದ್ದಿದೆ. ಆದರೂ ನಲ್ಲಿಯಲ್ಲಿ ಇಪ್ಪತ್ತನಾಲ್ಕು ಗಂಟೆ ನೀರಿಲ್ಲ. ಸರಬರಾಜು ನಿಂತು ಕೊಳವೆ ಬರಿದಾಗುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಆಗ ಹೊರಗಿನ ಗಾಳಿ ಬಿರುಕು ಸಿಕ್ಕಲ್ಲೆಲ್ಲ ಒಳನುಗ್ಗುತ್ತದೆ; ಮರುದಿನ ನೀರಿಗೆ ಮುಂಚೆ ನಲ್ಲಿ ಬುಸುಗುಟ್ಟುವುದು ಒಳಗೆ ಸೇರಿದ ಈ ಗಾಳಿಯಿಂದ. ಬಿರುಕಿನ ಪಕ್ಕದಲ್ಲಿ ಚರಂಡಿ ಹರಿಯುತ್ತಿದ್ದರೆ ಚರಂಡಿಯ ನೀರೂ ಒಳಗೆ ಹೋಗುತ್ತದೆ. ಬಕೆಟ್‌ನಲ್ಲಿ ಮುಳುಗಿಸಿಟ್ಟ ಪೈಪಿನ ಮೂಲಕ ಸೋಪಿನ ನೀರೂ ಹಿಂದಕ್ಕೆ ಹರಿದೀತು. ನಲ್ಲಿಗೆ ನೇರವಾಗಿ ಮೋಟರ್ ಜೋಡಿಸಿದರಂತೂ ಬೀದಿಗೆಲ್ಲ ನಾವೇ ಕೊಳೆ ಹಂಚಿದಂತೆ. ನೀರು ಸಂಪಿಗೆ ತಾನಾಗಿ ಬೀಳಲಿ, ಸಂಪಿನಿಂದ ಮೇಲಕ್ಕೆ ಮೋಟರ್ ಎತ್ತಲಿ. ಪೈಪಿನ ತುದಿ ಎಂದೂ ನೀರಿನಲ್ಲಿ ಮುಳುಗದಂತೆ, ಒಂದು ಗೇಣು ಮೇಲಿರಲಿ.