ನವಜಾತ ಶಿಶುವಿನ ಗಾಡಿಗೆ ಪೂರಕ ಸಾಮಗ್ರಿಗಳು: ಆಯ್ಕೆಯ ಮಾನದಂಡ ಮತ್ತು ವರ್ತಕರ ಹೊಣೆ

ಒಂದು ಕಾಲದಲ್ಲಿ ಉಳ್ಳವರ ಮನೆಗಳಿಗಷ್ಟೇ ಸೀಮಿತವಾಗಿದ್ದ ಮಕ್ಕಳ ಗಾಡಿ, ಅಂದರೆ ಪ್ರಾಮ್, ಇಂದು ನಗರಗಳ ಮಧ್ಯಮ ವರ್ಗದ ಕುಟುಂಬಗಳಲ್ಲಿಯೂ ಸಾಮಾನ್ಯವಾಗಿದೆ. ಗಾಡಿಯನ್ನು ಗ್ರಾಹಕನು ಒಮ್ಮೆ ಮಾತ್ರ ಕೊಳ್ಳುತ್ತಾನೆ. ಆದರೆ ಹಾಸಿಗೆ, ಸೊಳ್ಳೆ ಪರದೆ, ಮಳೆ ಹೊದಿಕೆ, ಬಿಸಿಲು ಮರೆ, ತೂಗುವ ಆಟಿಕೆ, ಹಿಡಿಗೆ ಹಾಕುವ ಚೀಲ ಮುಂತಾದ ಪೂರಕ ಸಾಮಗ್ರಿಗಳಿಗಾಗಿ ಆತ ಅಂಗಡಿಗೆ ಮತ್ತೆ ಮತ್ತೆ ಬರುತ್ತಾನೆ. ಇವುಗಳಲ್ಲಿ ಹಲವನ್ನು ನಾಲ್ಕಾರು ಹೊಲಿಗೆ ಯಂತ್ರಗಳಿರುವ ಸಣ್ಣ ಘಟಕವೂ ತಯಾರಿಸಬಹುದು. ಆದುದರಿಂದ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಇದೊಂದು ಗಮನಾರ್ಹ ವ್ಯಾಪಾರ ಕ್ಷೇತ್ರವೆನಿಸಿದೆ.

ಆದರೆ ಈ ಸಾಮಗ್ರಿಗಳನ್ನು ಉಪಯೋಗಿಸುವುದು ಮಾತು ಬಾರದ, ಕತ್ತು ನಿಲ್ಲದ, ಮುಖದ ಮೇಲೆ ಬಿದ್ದ ಬಟ್ಟೆಯನ್ನು ಸರಿಸಿಕೊಳ್ಳಲಾರದ ಎಳೆಯ ಜೀವ. ದೊಡ್ಡವರಿಗೆ ಕೇವಲ ಅನುಕೂಲವೆನಿಸುವ ವಸ್ತು ಶಿಶುವಿನ ಉಸಿರಾಟಕ್ಕೆ ಅಡ್ಡಿಯಾಗಬಹುದು. ಪೂರಕ ಸಾಮಗ್ರಿಯ ಆಯ್ಕೆಯಲ್ಲಿ ಅಂದ ಮತ್ತು ಬೆಲೆಗಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಮಗು ಸಮತಟ್ಟಾಗಿ ಮಲಗಿರುತ್ತದೆಯೇ? ಅದರ ಸುತ್ತ ಗಾಳಿ ಆಡುತ್ತದೆಯೇ? ಗಾಡಿಯ ಸಮತೋಲನ ಉಳಿಯುತ್ತದೆಯೇ?

ಮೊದಲು ಗಾಡಿಯ ಪರಿಚಯ

ಸಾಮಗ್ರಿಯನ್ನು ಆರಿಸುವ ಮುನ್ನ ಅದನ್ನು ಯಾವ ಗಾಡಿಗೆ ಹಾಕಲಾಗುತ್ತದೆ ಎಂಬುದನ್ನು ತಿಳಿಯಬೇಕು. ತೊಟ್ಟಿಲಿನಂತೆ ಮಲಗಿಸುವ ಗಾಡಿ ನವಜಾತ ಶಿಶುವಿಗೆ ಸೂಕ್ತವಾದುದು. ಕುಳ್ಳಿರಿಸುವ ಆಸನವಿರುವ ಗಾಡಿಯಾದರೆ, ಯುರೋಪಿನ ಇಎನ್ 1888 ಮಾನದಂಡದ ಪ್ರಕಾರ, ಆಸನ ಮತ್ತು ಬೆನ್ನಾಸರೆಯ ನಡುವಿನ ಕೋನ ಕನಿಷ್ಠ 150 ಡಿಗ್ರಿಯಷ್ಟು ತೆರೆದುಕೊಳ್ಳಬೇಕು. ಅಷ್ಟು ತೆರೆಯದ ಗಾಡಿ ಆರು ತಿಂಗಳು ತುಂಬಿದ ಮಕ್ಕಳಿಗೆ ಮಾತ್ರ. ಎಳೆಗೂಸನ್ನು ನೆಟ್ಟಗೆ ಕುಳ್ಳಿರಿಸಿದಾಗ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗುತ್ತದೆ. ಇದರಿಂದ ಶ್ವಾಸನಾಳ ಮಡಿಚಿಕೊಳ್ಳುವ ಅಪಾಯವಿದೆ. ಈ ಕೊರತೆಯನ್ನು ಯಾವ ಮೆತ್ತೆಯೂ ತುಂಬಲಾರದು.

ಹಾಸಿಗೆ ಮತ್ತು ದಿಂಬು

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ, ಗಾಡಿಯ ತಳಕ್ಕೆ ಅಂಚಿನಿಂದ ಅಂಚಿಗೆ ಹೊಂದುವಂತಿರಬೇಕು. ಕೈಯಿಂದ ಒತ್ತಿದಾಗ ತಗ್ಗಾಗಿ ಹಾಗೆಯೇ ಉಳಿಯುವ ಮೆತ್ತನೆಯ ಹಾಸಿಗೆ, ಮಗು ಮಗ್ಗುಲಾದಾಗ ಮೂಗನ್ನು ಮುಚ್ಚಬಲ್ಲದು. ಹಾಸಿಗೆಗೂ ಪಕ್ಕದ ಗೋಡೆಗೂ ನಡುವೆ ಬಿಡುವಿದ್ದರೆ ಮಗುವಿನ ಮುಖ ಅಲ್ಲಿ ಸಿಕ್ಕಿಕೊಳ್ಳಬಹುದು. ಆದ್ದರಿಂದ ಎಲ್ಲ ಗಾಡಿಗಳಿಗೂ ಒಂದೇ ಅಳತೆಯ ಹಾಸಿಗೆ ತಯಾರಿಸುವುದು ಉತ್ಪಾದಕರಿಗೆ ಸುಲಭವೆನಿಸಿದರೂ ಅದು ಸರಿಯಾದ ಕ್ರಮವಲ್ಲ.

ದಿಂಬಿನ ವಿಷಯ ಹೆಚ್ಚು ಸೂಕ್ಷ್ಮವಾದುದು. ತಲೆಯ ಆಕಾರ ಸರಿಹೋಗಲೆಂದು ಸಾಸಿವೆ ತುಂಬಿದ ದಿಂಬನ್ನಿಡುವ ರೂಢಿ ನಮ್ಮಲ್ಲಿದೆ ಮತ್ತು ಅಂಗಡಿಗಳಲ್ಲಿ ಅದಕ್ಕೆ ಬೇಡಿಕೆಯೂ ಇದೆ. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಿಂದ ಶಿಶುಗಳನ್ನು ಅಂಗಾತ ಅಥವಾ ಮಗ್ಗುಲಾಗಿ ಮಲಗಿಸಲು, ಬಳಿಕ ಅಂಗಾತವೇ ಮಲಗಿಸಲು ಸಲಹೆ ನೀಡುತ್ತ ಬಂದಿದೆ. 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಮಗು ಮಲಗುವ ಸ್ಥಳದಲ್ಲಿ ದಿಂಬು, ಸಡಿಲ ಹೊದಿಕೆ ಮತ್ತು ಮೆತ್ತನೆಯ ಗೊಂಬೆಗಳು ಇರಬಾರದೆಂದು ಅದು ಪುನರುಚ್ಚರಿಸಿದೆ. ಆದುದರಿಂದ ಗಾಡಿಯ ಹಾಸಿಗೆಯೊಡನೆ ದಿಂಬನ್ನು ಸೇರಿಸಿ ಒಂದೇ ಜೋಡಿಯಾಗಿ ಮಾರುವ ಪದ್ಧತಿಯನ್ನು ಕೈಬಿಡುವುದೇ ಲೇಸು.

ಬಿಸಿಲು ಮರೆ ಮತ್ತು ಮಳೆ ಹೊದಿಕೆ

ಬಿಸಿಲಿನಲ್ಲಿ ಗಾಡಿಯ ಮೇಲೆ ತೆಳುವಾದ ಬಟ್ಟೆಯೊಂದನ್ನು ಇಳಿಬಿಡುವುದು ಸಾಮಾನ್ಯ. ಅದು ನೆರಳು ಕೊಡುತ್ತದೆ. ಆದರೆ ಗಾಳಿಯನ್ನು ತಡೆಯುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣ ಮಸ್ಲಿನ್ ಬಟ್ಟೆ ಹೊದಿಸಿದ ಗಾಡಿಯ ಒಳಗಿನ ಉಷ್ಣತೆ ಹೊರಗಿನದಕ್ಕಿಂತ 2.6 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಾಗಿತ್ತು. ಅದೇ ಬಟ್ಟೆಯನ್ನು ಒದ್ದೆ ಮಾಡಿ, ಚಿಕ್ಕ ಫ್ಯಾನನ್ನೂ ಜೋಡಿಸಿದಾಗ ಉಷ್ಣತೆ 4.7 ಡಿಗ್ರಿಯಷ್ಟು ಕಡಿಮೆಯಾಯಿತು. ಬೇಸಿಗೆಯ ಬಿಸಿಲು ಕಡುವಾಗಿರುವ ರಾಯಚೂರು, ಕಲಬುರಗಿಯಂಥ ಕಡೆ ಈ ಅಂಶವನ್ನು ವರ್ತಕರು ಗ್ರಾಹಕರಿಗೆ ತಿಳಿಸುವುದು ಅಗತ್ಯ. ಗಾಡಿಯ ಮೇಲ್ಛಾವಣಿಗೆ ಜೋಡಿಸಿ, ಬದಿಗಳನ್ನು ತೆರೆದೇ ಇಡುವ ಕೊಡೆ ಮಾದರಿಯ ಮರೆಯು ಪೂರ್ತಿ ಮುಚ್ಚುವ ಹೊದಿಕೆಗಿಂತ ಉತ್ತಮ.

ಮಳೆ ಹೊದಿಕೆಯಲ್ಲಿ ಗಾಳಿಗಾಗಿ ಎರಡೂ ಬದಿಗಳಲ್ಲಿ ರಂಧ್ರಗಳಿರಬೇಕು. ಮಗುವಿನ ಮುಖದಿಂದ ದೂರ ನಿಲ್ಲುವಂತೆ ಅದಕ್ಕೆ ಆಧಾರವಿರಬೇಕು. ಮಳೆ ನಿಂತೊಡನೆ ತೆಗೆಯಬೇಕೆಂಬ ಸೂಚನೆ ಅದರ ಮೇಲೆಯೇ ಮುದ್ರಿತವಾಗಿರಬೇಕು. ಕಚ್ಚಾವಸ್ತುವಿನ ಆಯ್ಕೆಯೂ ಮುಖ್ಯ. ಪಿವಿಸಿ ಹಾಳೆಯನ್ನು ಮೃದುಗೊಳಿಸಲು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು ಬೆರೆಸುವುದುಂಟು. ಅಮೆರಿಕವು 2008ರ ಕಾಯ್ದೆಯ ಮೂಲಕ ಮಕ್ಕಳ ಆಟಿಕೆ ಮತ್ತು ಆರೈಕೆ ವಸ್ತುಗಳಲ್ಲಿ ಡಿಇಎಚ್‌ಪಿ ಮುಂತಾದ ಥ್ಯಾಲೇಟ್‌ಗಳಿಗೆ ಶೇಕಡಾ 0.1ರ ಮಿತಿ ವಿಧಿಸಿತು. ಯುರೋಪಿನಲ್ಲಿಯೂ 2005ರ ನಿರ್ದೇಶನವು ಇದೇ ಮಿತಿಯನ್ನು ನಿಗದಿಪಡಿಸಿತ್ತು. ರಫ್ತಿನ ಉದ್ದೇಶವಿರುವ ಘಟಕಗಳು ಹಾಳೆ ಪೂರೈಸುವವರಿಂದ ಪರೀಕ್ಷಾ ವರದಿಯನ್ನು ಪಡೆದೇ ಸರಕು ಕೊಳ್ಳಬೇಕು.

ಸೊಳ್ಳೆ ಪರದೆ

ನಮ್ಮ ಹವಾಮಾನದಲ್ಲಿ ಇದು ಅನಿವಾರ್ಯ ಸಾಮಗ್ರಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮಗುವನ್ನು ಗಾಡಿಯಲ್ಲಿ ಹೊರಗೆ ಕರೆದೊಯ್ಯುವುದೂ ಹಗಲಿನಲ್ಲಿಯೇ. ಎರಡು ತಿಂಗಳೊಳಗಿನ ಶಿಶುವಿಗೆ ಡೀಟ್ ಇರುವ ಸೊಳ್ಳೆ ನಿವಾರಕ ಹಚ್ಚಬಾರದೆಂಬುದು ವೈದ್ಯರ ಸಲಹೆಯಾದ್ದರಿಂದ ಪರದೆಯೇ ಮುಖ್ಯ ರಕ್ಷಣೆಯಾಗುತ್ತದೆ. ಸೊಳ್ಳೆ ಪರದೆಗಳಿಗೆ ಒಂದು ಚದರ ಅಂಗುಲಕ್ಕೆ 156 ಕಣ್ಣುಗಳಿರುವ ಜಾಲರಿ ರೂಢಿಯಲ್ಲಿರುವ ಅಳತೆ. ಪರದೆ ಮಗುವಿನ ಮೈಗೆ ತಾಗುವಂತಿದ್ದರೆ ಸೊಳ್ಳೆ ಅದರ ಮೂಲಕವೇ ಕಚ್ಚುತ್ತದೆ. ಆದ್ದರಿಂದ ಅದು ಬಿಗಿಯಾಗಿ ಎತ್ತರದಲ್ಲಿ ನಿಲ್ಲಬೇಕು. ಅಂಚಿಗೆ ಉದ್ದನೆಯ ಲಾಡಿಯ ಬದಲು ಒಳಗೆ ಸೇರಿಸಿ ಹೊಲಿದ ಎಲಾಸ್ಟಿಕ್ ಬಳಸುವುದು ಕ್ಷೇಮ. ಇಳಿಬಿದ್ದ ಲಾಡಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುವ ಸಂಭವವಿದೆ.

ತೂಗುವ ಆಟಿಕೆಗಳು

ಗಾಡಿಯ ಛಾವಣಿಗೆ ತೂಗುಹಾಕುವ ಗಿಲಕಿ, ಗೊಂಬೆಗಳು ಕಾನೂನಿನ ದೃಷ್ಟಿಯಲ್ಲಿ ಆಟಿಕೆಗಳು. 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದಂತೆ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳು ಭಾರತೀಯ ಮಾನಕಗಳಿಗೆ ಅನುಗುಣವಾಗಿದ್ದು ಐಎಸ್‌ಐ ಗುರುತನ್ನು ಹೊಂದಿರಬೇಕು. ಸಾಮಾನ್ಯ ಆಟಿಕೆಗಳಿಗೆ ಐಎಸ್ 9873, ವಿದ್ಯುತ್ ಆಟಿಕೆಗಳಿಗೆ ಐಎಸ್ 15644 ಅನ್ವಯಿಸುತ್ತದೆ. ಮಗು ನುಂಗಬಹುದಾದ ಬಿಡಿಭಾಗವನ್ನು ಪತ್ತೆಹಚ್ಚಲು 31.7 ಮಿಲಿಮೀಟರ್ ಒಳವ್ಯಾಸದ ಕೊಳವೆಯನ್ನು ಬಳಸಲಾಗುತ್ತದೆ. ಅದರೊಳಗೆ ಪೂರ್ತಿ ಇಳಿಯುವ ತುಂಡು ಶಿಶುವಿನ ಆಟಿಕೆಯಲ್ಲಿ ಇರಬಾರದು, ಕಿತ್ತು ಬರಲೂಬಾರದು.

ಕರಕುಶಲ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರ ಉತ್ಪನ್ನಗಳಿಗೂ ಈ ಆದೇಶದಿಂದ ವಿನಾಯಿತಿ ದೊರೆತಿದೆ. ಭೌಗೋಳಿಕ ಸೂಚಿಕೆ ಪಡೆದ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಿಲಕಿಗಳನ್ನು ದಾಸ್ತಾನು ಮಾಡುವ ವರ್ತಕರು, ಪೂರೈಸುವವರು ಈ ವರ್ಗಕ್ಕೆ ಸೇರಿದ್ದಾರೆಯೇ ಎಂಬುದನ್ನು ದಾಖಲೆ ನೋಡಿ ಖಚಿತಪಡಿಸಿಕೊಳ್ಳಬೇಕು. ಗುರುತಿನಿಂದ ವಿನಾಯಿತಿ ಇದೆಯೆಂದ ಮಾತ್ರಕ್ಕೆ ಸುರಕ್ಷತೆಯಿಂದ ವಿನಾಯಿತಿ ಇದೆಯೆಂದು ಭಾವಿಸಲಾಗದು.

ಚೀಲ, ಕೊಕ್ಕೆ ಮತ್ತು ಕೀಲಿನ ಹೊದಿಕೆ

ಗಾಡಿಯ ಹಿಡಿಗೆ ಸಿಕ್ಕಿಸುವ ಕೊಕ್ಕೆ ಮತ್ತು ಚೀಲಗಳು ಬೇಗ ಖರ್ಚಾಗುವ ಸರಕು. ಆದರೆ ಹಿಡಿಯ ಮೇಲೆ ತೂಕ ಬಿದ್ದಾಗ ಹಗುರವಾದ ಗಾಡಿ ಹಿಂದಕ್ಕೆ ಮಗುಚಬಹುದು. ನವಜಾತ ಶಿಶುವಿನ ತೂಕ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಕಿಲೋ. ತುಂಬಿದ ತರಕಾರಿ ಚೀಲ ಅದಕ್ಕಿಂತ ಭಾರವಾಗಬಲ್ಲದು. ಗಾಡಿಯ ಕೆಳಗೆ, ಚಕ್ರಗಳ ನಡುವೆ ಕೂರುವ ಬುಟ್ಟಿಯನ್ನೇ ಗ್ರಾಹಕರಿಗೆ ಮೊದಲು ತೋರಿಸುವುದು ಸೂಕ್ತ.

ಸಣ್ಣ ಸಾಮಗ್ರಿಯ ಮಹತ್ವಕ್ಕೆ 2009ರ ನವೆಂಬರ್‌ನ ಘಟನೆಯೊಂದು ನಿದರ್ಶನ. ಮಡಚುವ ಕೀಲಿಗೆ ಬೆರಳು ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ ಪ್ರಕರಣಗಳು ವರದಿಯಾದಾಗ, ಮ್ಯಾಕ್ಲಾರೆನ್ ಸಂಸ್ಥೆ ಅಮೆರಿಕದಲ್ಲಿ ಮಾರಾಟವಾಗಿದ್ದ ಸುಮಾರು 10 ಲಕ್ಷ ಗಾಡಿಗಳ ವಿಷಯದಲ್ಲಿ ಹಿಂಪಡೆಯುವಿಕೆಯ ಪ್ರಕಟಣೆ ಹೊರಡಿಸಬೇಕಾಯಿತು. ಅದು ಒದಗಿಸಿದ ಪರಿಹಾರವೆಂದರೆ ಕೀಲನ್ನು ಮುಚ್ಚುವ ಉಚಿತ ಹೊದಿಕೆಗಳು.

ವರ್ತಕರ ಕಾನೂನು ಹೊಣೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆರನೆಯ ಅಧ್ಯಾಯವು ಉತ್ಪನ್ನದಿಂದಾದ ಹಾನಿಯ ಹೊಣೆಯನ್ನು ವಿವರಿಸುತ್ತದೆ. ಇದು 2020ರ ಜುಲೈ 20ರಿಂದ ಜಾರಿಯಲ್ಲಿದೆ. 84ನೆಯ ಕಲಮಿನಂತೆ, ತಯಾರಿಕೆಯ ದೋಷಕ್ಕೆ ಮಾತ್ರವಲ್ಲ, ಸಾಕಷ್ಟು ಸೂಚನೆ ಅಥವಾ ಎಚ್ಚರಿಕೆ ನೀಡದಿದ್ದುದಕ್ಕೂ ಉತ್ಪಾದಕನು ಹೊಣೆಗಾರನಾಗುತ್ತಾನೆ. 86ನೆಯ ಕಲಮು ಮಾರಾಟಗಾರನಿಗೆ ಸಂಬಂಧಿಸಿದ್ದು. ಉತ್ಪನ್ನವನ್ನು ಬದಲಾಯಿಸಿದ್ದು ಹಾನಿಗೆ ಮುಖ್ಯ ಕಾರಣವಾದರೆ, ಜೋಡಣೆ ಅಥವಾ ತಪಾಸಣೆಯಲ್ಲಿ ಅಜಾಗರೂಕತೆ ಹಾನಿಗೆ ಎಡೆಮಾಡಿದರೆ, ಉತ್ಪಾದಕನು ಕೊಟ್ಟ ಎಚ್ಚರಿಕೆಯನ್ನು ಗ್ರಾಹಕನಿಗೆ ತಲುಪಿಸದೆ ಹಾನಿಯಾದರೆ ಆತನೂ ಹೊಣೆ ಹೊರಬೇಕಾಗುತ್ತದೆ. ಒಂದು ಕಂಪನಿಯ ಗಾಡಿಗೆ ಇನ್ನೊಂದು ಕಂಪನಿಯ ಸಾಮಗ್ರಿಯನ್ನು ಅಂಗಡಿಯಲ್ಲಿಯೇ ಜೋಡಿಸಿಕೊಡುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಅನುಸರಿಸಬಹುದಾದ ಕ್ರಮ

ಗ್ರಾಹಕ ಬಂದಾಗ ಗಾಡಿಯ ಮಾದರಿ ಮತ್ತು ಮಗುವಿನ ವಯಸ್ಸನ್ನು ಕೇಳಿ ತಿಳಿಯುವುದು, ಹೊಂದುವ ಸಾಮಗ್ರಿಯನ್ನಷ್ಟೇ ತೋರಿಸುವುದು, ಸೂಚನಾ ಚೀಟಿಯನ್ನು ಕನ್ನಡದಲ್ಲಿಯೂ ನೀಡುವುದು, ರಸೀತಿಯಲ್ಲಿ ಮಾದರಿಯನ್ನು ನಮೂದಿಸುವುದು — ಇವು ಹೆಚ್ಚಿನ ವೆಚ್ಚವಿಲ್ಲದ ಕ್ರಮಗಳು. ಉತ್ಪಾದಕರು ಪ್ರತಿ ತಂಡಕ್ಕೂ ಗುರುತಿನ ಸಂಖ್ಯೆ ಹಾಕಿದರೆ ದೋಷ ಕಂಡಾಗ ಆ ತಂಡವನ್ನಷ್ಟೇ ಹಿಂದಕ್ಕೆ ಪಡೆಯಬಹುದು.

ನವಜಾತ ಶಿಶುವಿಗೆ ನಿಜವಾಗಿ ಬೇಕಾದುದು ಗಟ್ಟಿ ಹಾಸಿಗೆ, ಅಳತೆಗೆ ತಕ್ಕ ಬೆಲ್ಟು, ಸೊಳ್ಳೆ ಪರದೆ, ಗಾಳಿಯಾಡುವ ಬಿಸಿಲು ಮರೆ ಮತ್ತು ಮಳೆ ಹೊದಿಕೆ. ಉಳಿದವುಗಳಲ್ಲಿ ಬಹುಪಾಲು ಕಾಯಬಹುದು. ಹೀಗೆಂದು ಮುಚ್ಚುಮರೆಯಿಲ್ಲದೆ ಹೇಳುವ ಅಂಗಡಿಗೆ ಆ ದಿನದ ವ್ಯಾಪಾರ ಒಂದಿಷ್ಟು ಕಡಿಮೆಯಾದೀತು. ಆದರೆ ಮಗು ಬೆಳೆದಂತೆ ಬೇಕಾಗುವ ಪ್ರತಿಯೊಂದಕ್ಕೂ ಆ ಕುಟುಂಬ ಅದೇ ಅಂಗಡಿಯನ್ನು ಹುಡುಕಿಕೊಂಡು ಬರುತ್ತದೆ.