ಕಾಳಾಂಜಿಗೆ ಗಾಳ

ಕೊಕ್ಕಡದ ಕಡೆಯವರಿಗೆ ಮೀನೆಂದರೆ ಎರಡು ಬಗೆ. ಒಂದು, ಬೆಳಿಗ್ಗೆ ಹಾರ್ನ್ ಹೊಡೆಯುತ್ತ ಬರುವ ಗಾಡಿಯ ಬಂಗುಡೆ, ಬೂತಾಯಿ. ಇನ್ನೊಂದು, ಶಿಶಿಲದ ಕಪಿಲಾ ಹೊಳೆಯ ದೇವರ ಮೀನು. ಮೊದಲನೆಯದಕ್ಕೆ ಮಸಾಲೆ ಅರೆಯುತ್ತೇವೆ, ಎರಡನೆಯದಕ್ಕೆ ಅಕ್ಕಿ ಚೆಲ್ಲಿ ಕೈ ಮುಗಿಯುತ್ತೇವೆ. ಆದರೆ ಅದೇ ಕಪಿಲೆಯ ನೀರು ನೇತ್ರಾವತಿಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ದಾಟಿ ಕಡಲಿಗೆ ಮುಟ್ಟುವ ಜಾಗದಲ್ಲಿ ಮೂರನೆಯ ಬಗೆಯ ಮೀನೊಂದಿದೆ. ಅದು ಪೂರ್ತಿ ಹೊಳೆಯದ್ದೂ ಅಲ್ಲ, ಪೂರ್ತಿ ಕಡಲಿನದೂ ಅಲ್ಲ. ಅದನ್ನು ಗಾಳದಲ್ಲಿ ಹಿಡಿಯುವುದು ಒಂದು ವಿದ್ಯೆ.

ಮೀನಿನ ಮಾರುಕಟ್ಟೆಯಲ್ಲೂ ಹೋಟೆಲಿನ ಪಟ್ಟಿಯಲ್ಲೂ ಈಗ ಅದರ ಹೆಸರು ಸೀಬಾಸ್. ಮಲಯಾಳದಲ್ಲಿ ಕಾಳಾಂಜಿ, ಕೊಂಕಣಿಯಲ್ಲಿ ಚೊಣಕ, ತಮಿಳರಿಗೆ ಕೊಡುವಾ. ಕೋಲ್ಕತ್ತದವರು ಮದುವೆಮನೆಯಲ್ಲಿ ಕರಿದು ಬಡಿಸುವ ಭೆಟ್ಕಿಯೂ ಇದೇ, ಆಸ್ಟ್ರೇಲಿಯಾದವರ ಬಾರಾಮಂಡಿಯೂ ಇದೇ. ನೇತ್ರಾವತಿಯ ದಕ್ಷಿಣ ದಡದಿಂದ ಕಾಸರಗೋಡು ದೂರವಿಲ್ಲವಾದ್ದರಿಂದ ಇಲ್ಲಿ ಕಾಳಾಂಜಿ ಎಂದೇ ಕರೆಯೋಣ.

ಬರ್ಲಿನ್ನಿನಲ್ಲಿ ಮಾರ್ಕಸ್ ಬ್ಲಾಕ್ ಎಂಬ ವೈದ್ಯನಿದ್ದ. ಬಾಳಿನ ಕೊನೆಯ ವರ್ಷಗಳನ್ನು ಮೀನುಗಳ ಗ್ರಂಥ ಬರೆಯುತ್ತಲೇ ಸವೆಸಿದವನು. 1790ರಲ್ಲಿ ಕಾಳಾಂಜಿಗೆ ಶಾಸ್ತ್ರೀಯ ಹೆಸರು ಕೊಟ್ಟವನು ಅವನೇ. ಎರಡು ವರ್ಷ ಕಳೆದು, 1792ರಲ್ಲಿ, ಅಟ್ಲಾಂಟಿಕ್‌ನ ಆಚೆ ದಡದ ಸ್ನೂಕ್ ಎಂಬ ಮೀನಿಗೂ ಅವನೇ ನಾಮಕರಣ ಮಾಡಿದ. ಈ ಎರಡನ್ನೂ ವಿಜ್ಞಾನಿಗಳು ಬಹುಕಾಲ ಒಂದೇ ಕುಟುಂಬದಲ್ಲಿ ಇಟ್ಟಿದ್ದರು, ಈಗ ಬೇರೆ ಮಾಡಿದ್ದಾರೆ. ಮನೆ ಪಾಲಾದರೂ ಮುಖಚಹರೆ ಹೋಗಿಲ್ಲ. ಇಳಿಜಾರಿನ ಹಣೆ, ಮುಂದಕ್ಕೆ ಚಾಚಿದ ಕೆಳದವಡೆ, ಬೆಳ್ಳಿ ಮೈ ಎರಡಕ್ಕೂ ಉಂಟು. ಸ್ನೂಕಿನ ಪಕ್ಕೆಯಲ್ಲಿ ಮಾತ್ರ ಕಾಡಿಗೆ ಎಳೆದಂಥ ಕಪ್ಪು ಗೆರೆಯೊಂದು ಹೆಚ್ಚು. ಫ್ಲೋರಿಡಾದ ಅಳಿವೆಗಳಲ್ಲಿ ಸ್ನೂಕಿಗೆ ಗಾಳ ಹಾಕುವವನನ್ನು ಕರೆತಂದು ನೇತ್ರಾವತಿಗೆ ಕಟ್ಟಿದ ಉಳ್ಳಾಲದ ಸೇತುವೆಯ ಕೆಳಗೆ ನಿಲ್ಲಿಸಿದರೆ, ಎಲ್ಲಿ ಎಸೆಯಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯಾಕೆಂದರೆ ಎರಡೂ ಅಟ್ಟಿಸಿಕೊಂಡು ಹೋಗಿ ತಿನ್ನುವ ಜಾತಿಯಲ್ಲ, ಹೊಂಚು ಹಾಕುವ ಜಾತಿ. ಸೇತುವೆಯ ಕಂಬ, ಕಾಂಡ್ಲಾ ಗಿಡಗಳ ಬೇರು, ಮುಳುಗಿದ ಮರ, ತಡೆಗೋಡೆಯ ಕಲ್ಲುಗಳ ಸಂದಿ ಇವುಗಳ ಮರೆಯಲ್ಲಿ, ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. ಹರಿವು ತರುವ ಸಿಗಡಿಯೋ ಮರಿಮೀನೋ ಬಾಯಿಯ ಹತ್ತಿರ ಬಂದಾಗ ಫಕ್ಕನೆ ಬಾಯಿ ತೆರೆದು ನೀರಿನ ಸಮೇತ ಒಳಗೆ ಸೆಳೆದುಕೊಳ್ಳುತ್ತವೆ. ರಾತ್ರಿ ನಿಶ್ಶಬ್ದದಲ್ಲಿ ಅದು ಟಪ್ಪೆಂದು ಕೇಳಿಸುತ್ತದೆ. ಟಾರ್ಚ್ ಬೆಳಕು ಬಿದ್ದರೆ ಕಾಳಾಂಜಿಯ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಮಬ್ಬಿನಲ್ಲಿ ಬೇಟೆಯಾಡಲು ಒದಗುವ ಕಣ್ಣು ಅದು.

ಆದ್ದರಿಂದ ಗಾಳದವನು ಓದಬೇಕಾದದ್ದು ನೀರನ್ನು. ಮಂಗಳೂರಿನಲ್ಲಿ ನೇತ್ರಾವತಿಯೂ ಫಲ್ಗುಣಿ ಹೊಳೆಯೂ ಒಂದೇ ಬಾಗಿಲಿನಿಂದ ಕಡಲಿಗೆ ಹೊರಡುತ್ತವೆ. ಒಂದು ಬದಿಗೆ ಬೆಂಗ್ರೆ, ಇನ್ನೊಂದು ಬದಿಗೆ ಉಳ್ಳಾಲದ ಕೋಟೆಪುರ. ದಿನಕ್ಕೆ ಎರಡು ಸಲ ಕಡಲು ಈ ಬಾಗಿಲಿನಿಂದ ಒಳಬರುತ್ತದೆ, ಎರಡು ಸಲ ಹಿಂದಿರುಗುತ್ತದೆ. ಆ ಹೊತ್ತು ದಿನದಿನಕ್ಕೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಆರು ಗಂಟೆಗೆ ಮೀನು ಕಚ್ಚಿತೆಂದು ಇಂದೂ ಆರಕ್ಕೇ ಹೋಗಿ ಕೂತವನು ಬರಿಗೈಯಲ್ಲಿ ಬರುವುದು ಹೀಗೆ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಇಳಿತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಮಂದ. ಗಾಳದವನ ಚೀಲದಲ್ಲಿ ಪಂಚಾಂಗವೂ ಒಂದು ಸಲಕರಣೆ. ಉಬ್ಬರ ತುಂಬಿ ನೀರು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದಲ್ಲ, ಆಗ ಬೀಡಿ ಹಚ್ಚಬಹುದು. ಮತ್ತೆ ಇಳಿತ ಹಿಡಿದು, ಕಾಂಡ್ಲಾದ ಒಳಗಿನಿಂದ ಸಣ್ಣ ಮೀನುಗಳು ಕಿರುತೋಡುಗಳ ಬಾಯಿಗೆ ಜಾರತೊಡಗಿದಾಗ ಬೀಡಿ ಎಸೆದು ಏಳಬೇಕು. ಕಾಳಾಂಜಿಯ ಊಟದ ಹೊತ್ತು ಅದು.

ಹಳೆಯ ಪದ್ಧತಿಯಲ್ಲಿ ಸಲಕರಣೆ ಕಡಿಮೆ: ಕೈಗೆ ಸುತ್ತಿದ ತಂಗೂಸಿ ದಾರ, ಸೀಸದ ಗುಂಡು, ಗಟ್ಟಿ ಕೊಕ್ಕೆ, ಅದಕ್ಕೆ ಜೀವಂತ ಎಟ್ಟಿ, ಅಂದರೆ ಸಿಗಡಿ. ಸಿಗಡಿಯನ್ನು ಕೊಕ್ಕೆಗೆ ಚುಚ್ಚುವಾಗ ಅದು ಸಾಯದಂತೆ ಚುಚ್ಚುವುದರಲ್ಲೇ ಅರ್ಧ ಕೈಚಳಕ. ಈಗಿನ ಹುಡುಗರ ಕೈಯಲ್ಲಿ ರಾಡು, ರೀಲು, ಬಣ್ಣ ಬಳಿದ ಪ್ಲಾಸ್ಟಿಕ್ ಮೀನು. ಅದನ್ನು ಎಸೆದು ಎಳೆಯುವಾಗ ನಡುವೆ ನಿಲ್ಲಿಸಿ, ಗಾಯಗೊಂಡ ಮೀನಿನಂತೆ ಒದ್ದಾಡಿಸಬೇಕು. ಕಾಳಾಂಜಿ ಕಚ್ಚುವುದು ಹೆಚ್ಚಾಗಿ ಆ ನಿಲುಗಡೆಯಲ್ಲಿ.

ಇಬ್ಬರಿಗೂ ತಪ್ಪದ ಒಂದು ಎಚ್ಚರವಿದೆ. ಈ ಮೀನಿನ ಕಿವಿರಿನ ಮುಚ್ಚಳದ ಅಂಚು ಕ್ಷೌರದ ಬ್ಲೇಡಿನಷ್ಟು ಹರಿತ, ಸ್ನೂಕಿನದೂ ಹಾಗೆಯೇ. ಕೊಕ್ಕೆ ತಾಗಿದೊಡನೆ ಅದು ಮೇಲೆ ಹಾರಿ ತಲೆ ಕೊಡವುತ್ತದೆ. ತೆಳು ದಾರ ಆ ಅಂಚಿಗೆ ಸಿಕ್ಕಿದರೆ ತುಂಡು. ಅದಕ್ಕೇ ಕೊಕ್ಕೆಯ ಹತ್ತಿರದ ಒಂದು ಮಾರು ದಾರ ಉಳಿದದ್ದಕ್ಕಿಂತ ದಪ್ಪವಿರಬೇಕು. ರಾಡಿನ ತುದಿ ನೀರಿನತ್ತ ತಗ್ಗಿಸಿ ಹಿಡಿದರೆ ಹಾರಾಟ ಕಡಿಮೆಯಾಗುತ್ತದೆ. ದಡಕ್ಕೆ ತಂದ ಮೇಲೆ ಕಿವಿರಿಗೆ ಬೆರಳು ಹಾಕಿದವನು ಮತ್ತೆ ಹಾಕುವುದಿಲ್ಲ.

ಇಲ್ಲಿಯವರೆಗಿನದು ಹಿಡಿಯುವ ವಿದ್ಯೆ. ಇದಕ್ಕಿಂತ ದೊಡ್ಡದು ಬಿಡುವ ವಿದ್ಯೆ, ಅದರ ಕಾರಣ ಈ ಮೀನಿನ ಬದುಕಿನೊಳಗೆ ಅಡಗಿದೆ. ಕಾಳಾಂಜಿ ಮೊಟ್ಟೆಯಿಡುವುದು ಅಳಿವೆಯ ಬಾಯಲ್ಲಿ, ಉಪ್ಪುನೀರಿನಲ್ಲಿ. ಮರಿಗಳು ಉಬ್ಬರದೊಂದಿಗೆ ಒಳಬಂದು ಕಾಂಡ್ಲಾ, ಗಜನಿ ಗದ್ದೆ, ಹೊಳೆಗಳಲ್ಲಿ ಬೆಳೆಯುತ್ತವೆ. ಮೂರು ನಾಲ್ಕು ವರ್ಷಕ್ಕೆ ಬಲಿತಾಗ ಅವು ಹೆಚ್ಚಿನಂಶ ಗಂಡು. ಮುಂದೆ ಕೆಲವು ವರ್ಷಗಳಲ್ಲಿ, ಮೈ ಇನ್ನಷ್ಟು ಬೆಳೆದ ಮೇಲೆ, ಅದೇ ಗಂಡು ಹೆಣ್ಣಾಗುತ್ತದೆ. ಸ್ನೂಕಿನ ಕಥೆಯೂ ಇದೇ. ಅಂದರೆ, ಗಾಳದವನು ಎದೆಗವಚಿ ಫೋಟೊ ತೆಗೆಸಿಕೊಳ್ಳುವ ಆ ಭಾರೀ ಮೀನು ಸಾಮಾನ್ಯವಾಗಿ ತಾಯಿ. ಅದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ.

ಇದನ್ನು ಅರಿತ ಊರುಗಳು ಅಳತೆಪಟ್ಟಿ ತಂದಿವೆ. ಫ್ಲೋರಿಡಾದಲ್ಲಿ ಸ್ನೂಕನ್ನು ಮಾರುವುದು 1957ರಿಂದಲೇ ನಿಷಿದ್ಧ. ಅಲ್ಲಿನ ಅಟ್ಲಾಂಟಿಕ್ ದಡದಲ್ಲಿ 28 ಇಂಚಿಗಿಂತ ಚಿಕ್ಕದನ್ನೂ 32 ಇಂಚಿಗಿಂತ ದೊಡ್ಡದನ್ನೂ ನೀರಿಗೆ ಬಿಡಬೇಕು, ನಡುವಿನದು ಸಿಕ್ಕರೆ ದಿನಕ್ಕೆ ಒಂದೇ. 2010ರ ಜನವರಿಯ ಚಳಿಗೆ ಅಲ್ಲಿ ಸ್ನೂಕುಗಳು ರಾಶಿ ರಾಶಿ ಸತ್ತಾಗ ಹಿಡಿದದ್ದನ್ನು ಇಟ್ಟುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ನಮ್ಮ ಕಾಳಾಂಜಿಗೇ 58ರಿಂದ 120 ಸೆಂಟಿಮೀಟರಿನ ಮಿತಿ. ಚಿಕ್ಕದನ್ನು ಬಿಡುವುದು ಎಲ್ಲರಿಗೂ ಅರ್ಥವಾಗುವ ಮಾತು. ದೊಡ್ಡದನ್ನು ಬಿಡುವುದಕ್ಕೆ ಮನಸ್ಸು ಬೇಕು.

ತುಳುನಾಡಿಗೆ ಇಂಥ ಕಟ್ಟುಪಾಡು ಹೊಸದೇನಲ್ಲ. ಚೇಳಾಯರಿನ ಖಂಡಿಗೆಯಲ್ಲಿ, ಧರ್ಮರಸು ಉಳ್ಳಾಯ ದೈವದ ಜಾತ್ರೆಗೆ, ಮೇ ತಿಂಗಳ ನಡುವಿನಲ್ಲಿ ಊರಿಗೆ ಊರೇ ಬಲೆ ಹಿಡಿದು ನಂದಿನಿ ಹೊಳೆಗೆ ಇಳಿಯುತ್ತದೆ. ಆ ದಿನದವರೆಗೆ ಅಲ್ಲಿ ಮೀನು ಮುಟ್ಟುವುದಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಎಂಬ ಸರಕಾರದ ನಿಯಮಕ್ಕೂ ತರ್ಕ ಅದೇ. ಹಿಡಿಯದ ದಿನಗಳೇ ಹಿಡಿಯುವ ದಿನವನ್ನು ತುಂಬುತ್ತವೆ.

ಕಾಳಾಂಜಿಗೆ ಬೇರೆ ಕಷ್ಟಗಳೂ ಇವೆ. ಕಾಂಡ್ಲಾ ಕಡಿದರೆ ಮರಿಗಳ ತೊಟ್ಟಿಲು ಹೋಯಿತು. ಕುಡಿಯುವ ನೀರಿಗೆಂದು ಹೊಳೆಗೆ ಕಟ್ಟಿದ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕಿದ ಮೇಲೆ ಮೇಲೇರುವ ದಾರಿ ಬಂದ್. ತುಂಬೆಯ ಅಣೆಕಟ್ಟಿಲ್ಲದೆ ಮಂಗಳೂರಿಗೆ ನೀರಿಲ್ಲ ಎಂಬುದೂ ನಿಜ, ಮೀನಿಗೆ ಅದು ಅಡ್ಡಗೋಡೆ ಎಂಬುದೂ ನಿಜ. ಇದರ ನಡುವೆ ಪಂಜರ ಕೃಷಿ ಒಂದು ದಾರಿ ತೆರೆದಿದೆ. ಚೆನ್ನೈಯ ಕೇಂದ್ರ ಹಿನ್ನೀರು ಜಲಕೃಷಿ ಸಂಸ್ಥೆ 1997ರಲ್ಲಿ ಈ ಮೀನನ್ನು ತೊಟ್ಟಿಯಲ್ಲಿ ಮರಿ ಮಾಡಿಸಿದ ಮೇಲೆ, ಕರ್ನಾಟಕದ ಅಳಿವೆಗಳಲ್ಲೂ ತೇಲುವ ಪಂಜರಗಳು ಬಂದವು. ಸಾಕುವವರಿಗೆ ಒಂದೇ ತಲೆನೋವು: ಮರಿಗಳನ್ನು ಗಾತ್ರ ನೋಡಿ ಆಗಾಗ ಬೇರ್ಪಡಿಸದಿದ್ದರೆ ಅಣ್ಣ ತಮ್ಮನನ್ನೇ ನುಂಗುತ್ತಾನೆ.

ಹೊಸದಾಗಿ ಗಾಳ ಹಿಡಿಯುವವರಿಗೆ ಕೆಲವು ಮಾತು. ಮಳೆಗಾಲದಲ್ಲಿ ಅಳಿವೆಯ ಕಲ್ಲುಗಳ ಮೇಲೆ ನಿಲ್ಲಬೇಡಿ. ಪಾಚಿ ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ. ದೋಣಿಯವರ ಬಲೆಯ ಹಾದಿಯಲ್ಲಿ ಎಸೆಯಬೇಡಿ, ನಿಮಗೆ ಆಟವಾದದ್ದು ಅವರಿಗೆ ಗಂಜಿ. ಬಿಡಬೇಕಾದ ಮೀನನ್ನು ಒದ್ದೆ ಕೈಯಿಂದಲೇ ಮುಟ್ಟಿ, ಹೊಟ್ಟೆಗೆ ಆನಿಕೆ ಕೊಡಿ. ನೀರಿನಲ್ಲಿ ಹರಿವಿಗೆ ಮುಖ ಮಾಡಿ ಹಿಡಿಯಿರಿ. ಅದು ತಾನಾಗಿ ಬಾಲ ಬಡಿಯುವವರೆಗೆ ಕೈ ಬಿಡಬೇಡಿ.

ಶಿಶಿಲದಲ್ಲಿ ಹಿಂದೊಮ್ಮೆ ಯಾರೋ ನೀರಿಗೆ ವಿಷ ಬೆರೆಸಿ ದೇವರ ಮೀನುಗಳನ್ನು ಕೊಂದರು. ಜನ ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟುವ ಊರಿನ ನೀರೇ ಮೂರು ಹೊಳೆಗಳ ಹೆಸರು ಹೊತ್ತು ಉಳ್ಳಾಲದ ಸೇತುವೆಯ ಕೆಳಗೆ ಹಾದುಹೋಗುತ್ತದೆ. ಅಲ್ಲಿ ಇಳಿತದ ಹೊತ್ತಿಗೆ ಮೊಣಕಾಲಷ್ಟು ನೀರಿನಲ್ಲಿ ನಿಂತು, ಮಾರುದ್ದದ ತಾಯಿ ಕಾಳಾಂಜಿಯ ಬಾಯಿಯಿಂದ ಕೊಕ್ಕೆ ಬಿಡಿಸುವವನು ಶಿಶಿಲದ ದೇವಸ್ಥಾನದ ಮೆಟ್ಟಿಲಲ್ಲಿ ಅಕ್ಕಿ ಚೆಲ್ಲುವವನಿಂದ ತುಂಬ ದೂರದವನೇನಲ್ಲ. ಹೊಳೆಯ ಮೇಲ್ತುದಿಯಲ್ಲೊಬ್ಬ, ಕೆಳತುದಿಯಲ್ಲೊಬ್ಬ, ಅಷ್ಟೇ.