ಹಿತ್ತಾಳೆಯ ಕೊರಳು

ಕನಕಪುರದಿಂದ ದಕ್ಷಿಣಕ್ಕೆ ಹೊರಟ ಹಾದಿಯು ದೊಡ್ಡಆಲಹಳ್ಳಿಯನ್ನು ದಾಟಿ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಕಡೆಗೆ ಇಳಿಯುತ್ತದೆ. ಇಂದು ಕಾವೇರಿ ವನ್ಯಜೀವಿಧಾಮವೆನಿಸಿರುವ ಆ ಅರಣ್ಯಪ್ರದೇಶವನ್ನೂ ಅದರ ಉತ್ತರಕ್ಕಿರುವ ಮಾಗಡಿಯ ಸೀಮೆಯನ್ನೂ ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಕಾಲಿನಿಂದ ಮೆಟ್ಟುವುದಕ್ಕೆ ಮುಂಚೆ ಪುಸ್ತಕದಿಂದಲೇ ಬಲ್ಲರು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ಬರೆದಿಟ್ಟ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದರಷ್ಟೆ, ಅದರ ಒಂದು ಸಂಪುಟದ ಹೆಸರಿನಲ್ಲಿಯೇ ಮಾಗಡಿಯ ಚಿರತೆ ಕುಳಿತಿದೆ. ಆಂಡರ್ಸನ್ನನ ನೆಚ್ಚಿನ ಪಾಯಿಂಟ್ 405 ವಿಂಚೆಸ್ಟರ್ ರೈಫಲ್ಲನ್ನು ಕುರಿತು ಕುತೂಹಲಗೊಂಡ ಓದುಗನು, ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೋಶದ ಗತಿಯೇನೆಂದು ಕೇಳಿದರೆ ಅದು ಯುಕ್ತವಾದ ಪ್ರಶ್ನೆಯೇ.

ಸುಮಾರು ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಈ ಕೋಶವು, ಮದ್ದು ಉರಿದ ಕ್ಷಣದಲ್ಲಿ ಅನಿಲದ ಒತ್ತಡಕ್ಕೆ ಹಿಗ್ಗಿ ರೈಫಲ್ಲಿನ ಚೇಂಬರಿನ ಗೋಡೆಗೆ ಅಂಟಿ, ಒತ್ತಡವಿಳಿದೊಡನೆ ಎಳ್ಳಷ್ಟೇ ಕುಗ್ಗಿ, ಆ ಚೇಂಬರಿನದೇ ಪಡಿಯಚ್ಚಾಗಿ ಹೊರಬರುತ್ತದೆ. ಕೋಶವನ್ನು ಮತ್ತೆ ತುಂಬಿ ಬಳಸಬೇಕಾದರೆ, ಹಿಗ್ಗಿದ ಕೊರಳು ಹೊಸ ಗುಂಡನ್ನು ಹಿಡಿಯದಾದುದರಿಂದ ಅದನ್ನು ಡೈ ಎಂಬ ಅಚ್ಚಿನೊಳಗೆ ಒತ್ತಿ ಕಿರಿದುಗೊಳಿಸಬೇಕು. ಇಡಿಯ ಮೈಯನ್ನು ಅದುಮುವ ಡೈ ಒಂದು ಬಗೆ. ಕೊರಳನ್ನು ಮಾತ್ರ ಅದುಮಿ, ಚೇಂಬರು ಕೊಟ್ಟ ಮೈಯನ್ನು ಹಾಗೆಯೇ ಬಿಡುವ ಡೈ ಇನ್ನೊಂದು ಬಗೆ. ಎರಡನೆಯದರಿಂದ ಹಿತ್ತಾಳೆಗೆ ದಣಿವು ಕಡಮೆ, ಕೋಶಕ್ಕೆ ಆಯುಷ್ಯ ಹೆಚ್ಚು.

ಆದರೆ ಆಂಡರ್ಸನ್ನನ ರೈಫಲ್ಲಿಗೆ ಈ ಲಾಭವಿಲ್ಲ. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ 1895ರ ಮಾದರಿಗೆಂದು 1904ರಲ್ಲಿ ಬಂದ ಆ ಕಾಡತೂಸಿಗೆ, ಮೈ ಕೊರಳಿಗೆ ಕಿರಿದಾಗುವ ಹೆಗಲೂ ಇಲ್ಲ, ಹೆಗಲಿನ ಮೇಲೆ ನಿಲ್ಲುವ ಕೊರಳೂ ಇಲ್ಲ. ಬುಡದಿಂದ ಬಾಯಿಯವರೆಗೆ ತುಸುತುಸುವೇ ಕಿರಿದಾಗುವ ನೇರ ಕೋಶವದು. ಮೇಲಾಗಿ, ಲಿವರಿನಿಂದ ನಡೆಯುವ ಆ ಯಂತ್ರದ ಬೋಲ್ಟಿಗೆ ಬೀಗ ಬೀಳುವುದು ಹಿಂಭಾಗದಲ್ಲಾದುದರಿಂದ ಕೋಶವು ಉದ್ದಕ್ಕೂ ಜಗ್ಗುತ್ತದೆ; ಮೈಯನ್ನೆಲ್ಲ ಅದುಮದ ಹೊರತು ಅದು ಮರಳಿ ಸರಾಗವಾಗಿ ಒಳಹೋಗುವ ಭರವಸೆಯಿಲ್ಲ. ಇನ್ನು ನಮ್ಮ ಹಳ್ಳಿಗಳಲ್ಲಿ ಉಳಿದಿರುವ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಾದರೋ ಕೋಶವೆಂಬುದೇ ಇಲ್ಲ. ಕೊರಳಿನ ಡೈಗೆ ತಕ್ಕದ್ದು, ಬೋಲ್ಟನ್ನು ಮುಂಭಾಗದಲ್ಲಿ ಬಿಗಿಯುವ, ಗುರಿಯಭ್ಯಾಸಕ್ಕೆ ಮೀಸಲಾದ ಒಂದೇ ಒಂದು ರೈಫಲ್ಲು. ಅದರಲ್ಲಿ ಹಾರಿಸಿದ ಕೋಶ ಮತ್ತೊಂದರ ಚೇಂಬರಿಗೆ ಹೊಂದದಿರಬಹುದು. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ವಿಧಿಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ನಮ್ಮಲ್ಲಿ ಅಪರಾಧವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಇಂಥ ರೈಫಲ್ಲೂ ಪರವಾನಗಿಯೂ ಒದಗಿದವನಿಗೆ ಆಯ್ಕೆಯ ತೊಡಕು ಅನಂತರ ಆರಂಭವಾಗುತ್ತದೆ. ಸಾಮಾನ್ಯ ಡೈ ಕೊರಳನ್ನು ಅಗತ್ಯಕ್ಕಿಂತ ಹೆಚ್ಚು ಕಿರಿದುಗೊಳಿಸಿ, ಬಳಿಕ ಒಳಗಿನಿಂದ ಉಕ್ಕಿನ ಉಂಡೆಯೊಂದನ್ನು ಎಳೆದು ಅಗಲಿಸುತ್ತದೆ. ಹೀಗೆ ಎರಡು ಸಲ ದಂಡಿಸಿದ ಕೊರಳು ಎಳೆತದಲ್ಲಿ ಓರೆಯಾಗುವುದೂ ಉಂಟು, ಓರೆಯ ಕೊರಳಿನಲ್ಲಿ ಕುಳಿತ ಗುಂಡು ನಳಿಗೆಯನ್ನು ನೇರವಾಗಿ ಪ್ರವೇಶಿಸದು. ಲೀ ಸಂಸ್ಥೆಯ ಕಾಲೆಟ್ ಡೈಯಲ್ಲಿ ನಡುವೆ ಒಂದು ಉಕ್ಕಿನ ಕಡ್ಡಿ ನಿಂತಿದ್ದು, ಸುತ್ತಲಿನ ಸೀಳು ಬೆರಳುಗಳು ಕೊರಳನ್ನು ಆ ಕಡ್ಡಿಗೆ ಒತ್ತುತ್ತವೆ. ಎಣ್ಣೆ ಸವರುವ ಗೋಜಿಲ್ಲ, ಬೆಲೆಯೂ ಮಿತ. ಮೂರನೆಯದು ಬುಷಿಂಗ್ ಡೈ. ಇದರೊಳಗಿನ ಬಳೆಯನ್ನು ಬದಲಿಸಬಹುದು. ಬಳೆಗಳು ಅಂಗುಲದ ಸಾವಿರದಲ್ಲೊಂದು ಪಾಲಿನ ಅಂತರದಲ್ಲಿ ದೊರೆಯುತ್ತವೆ. ಗುಂಡು ಕೂರಿಸಿದ ಕಾಡತೂಸಿನ ಕೊರಳನ್ನು ಮೈಕ್ರೋಮೀಟರಿನಿಂದ ಅಳೆದು, ಅದು 0.338 ಅಂಗುಲವಾದರೆ 0.336ರ ಬಳೆಯನ್ನು ಆರಿಸುವುದು ವಾಡಿಕೆ; ಆ ಎರಡು ಸಾವಿರಾಂಶದ ಬಿಗಿತವೇ ಗುಂಡನ್ನು ಹಿಡಿಯುವ ಹಿಡಿತ. ಆದರೆ ಬಳೆಯು ಹೊರಗಿನಿಂದ ಅದುಮುವುದಾದುದರಿಂದ ಹಿತ್ತಾಳೆಯ ದಪ್ಪದ ಏರುಪೇರೆಲ್ಲ ಒಳಮೈಗೆ ಸರಿಯುತ್ತದೆ. ಕೊರಳನ್ನು ಹೊರಗಿನಿಂದ ಕಡೆದು ದಪ್ಪವನ್ನು ಸಮಗೊಳಿಸುವ ತಾಳ್ಮೆಯಿಲ್ಲದವನಿಗೆ ಕಾಲೆಟ್ಟೇ ಲೇಸೆಂದು ನನ್ನ ಮತ.

ಯಾವ ಡೈಯನ್ನು ಕೊಂಡರೂ, ಕೆಲವು ಸಲ ಹಾರಿಸಿದ ಮೇಲೆ ಕೋಶದ ಹೆಗಲು ಮುಂದಕ್ಕೆ ಬೆಳೆದು ಬೋಲ್ಟು ಬಿಗಿಯಾಗಿ ಮುಚ್ಚುವ ದಿನ ಬಂದೇ ಬರುತ್ತದೆ. ಆಗ ಮೈಯನ್ನು ಅದುಮುವ ಡೈಯಿಂದ ಹೆಗಲನ್ನು ಒಂದೆರಡು ಸಾವಿರಾಂಶ ಹಿಂದಕ್ಕೆ ತಳ್ಳಬೇಕು. ಈ ಕಾರಣದಿಂದಲೇ ಗುರಿಕಾರರಲ್ಲಿ ಅನೇಕರು ಈಗ ಕೊರಳಿನ ಡೈಯನ್ನು ಬಿಟ್ಟು, ಬಳೆಯನ್ನು ಬದಲಿಸಬಹುದಾದ ಪೂರ್ಣದೇಹದ ಡೈಯಿಂದ ಪ್ರತಿಸಲವೂ ಹೆಗಲನ್ನು ಕಿಂಚಿತ್ತೇ ಹಿಂದೆ ಸರಿಸುತ್ತಾರೆ. ಅದರಿಂದ ಪ್ರತಿಯೊಂದು ಕಾಡತೂಸೂ ಒಂದೇ ಅಳತೆಯದಾಗಿ, ಬೋಲ್ಟು ಒಂದೇ ಹದದಲ್ಲಿ ಮುಚ್ಚುತ್ತದೆ.